ಕಿಟಕಿ ಹಿಗ್ಗಿತು, ಒಳಗಿನದು ಹಿಗ್ಗಲಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕು, ಕಂಪ್ಯೂಟರ್ ಪ್ರೋಗ್ರಾಮಿನ ವಿಂಡೋ ಪರದೆಗೆ ಸರಿಯಾಗಿ ಹೊಂದಿಕೊಳ್ಳದ ಹೆಚ್ಚುಕಡಿಮೆ ಒಂದೇ ತೊಂದರೆಯನ್ನು ಹೇಳುತ್ತಿದ್ದುದರಿಂದ, ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನನ್ನ ಸೋದರಮಾವನವರ ಬಿತ್ತನೆ ಆಲೂಗೆಡ್ಡೆ ಅಂಗಡಿಗೆಂದು ಚೀಲ, ದರ, ಹಮಾಲಿ, ಬಾಕಿ ಇವುಗಳ ಲೆಕ್ಕ ಇಡುವ ಪ್ರೋಗ್ರಾಮೊಂದನ್ನು ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಗಳನ್ನು ಕಟ್ಟುವ ವಿಂಡೋಸ್ ಫಾರ್ಮ್ಸ್ ಎಂಬ ಸಲಕರಣೆ ಬಳಸಿ ಬರೆದಿದ್ದೇನೆ. ನನ್ನ ಲ್ಯಾಪ್‌ಟಾಪಿನ 1366×768 ಪರದೆಯಲ್ಲಿ ಅದು ಚೆನ್ನಾಗಿಯೇ ಕೂತಿತ್ತು. ಅಂಗಡಿಗೆ ಹೊಸದಾಗಿ ತಂದ 1920×1080 ಮಾನಿಟರಿನಲ್ಲಿ ಮ್ಯಾಕ್ಸಿಮೈಸ್ ಮಾಡಿದರೆ ಎಲ್ಲವೂ ಮೇಲಿನ ಎಡಮೂಲೆಗೆ ಗುಂಪುಗೂಡಿ, ಉಳಿದ ಜಾಗವೆಲ್ಲ ಬೂದುಬಣ್ಣದ ಬಯಲಾಗಿ ಕಾಣುತ್ತದೆ. ರೀಸೈಜ್ ಆದಾಗಲೆಲ್ಲ ಪ್ರತಿ ಕಂಟ್ರೋಲಿನ (ಪೆಟ್ಟಿಗೆ, ಬಟನ್, ಪಟ್ಟಿ ಇಂಥವುಗಳ) ಅಗಲ, ಎತ್ತರಗಳನ್ನು ಫಾರ್ಮಿನ, ಅಂದರೆ ಇಡೀ ವಿಂಡೋದ, ಹೊಸ ಅಳತೆಗೂ ಹಳೆಯ ಅಳತೆಗೂ ಇರುವ ಆಯಾ ಅನುಪಾತದಿಂದ ಗುಣಿಸುವಂತೆ ಕೋಡ್ ಬರೆದೆ. ಮೊದಲ ಸಲ ಪರದೆ ತುಂಬಿತು, ಅಕ್ಷರಗಳು ಮಾತ್ರ ಹಿಂದಿನಷ್ಟೇ ಚಿಕ್ಕದಾಗಿ ಉಳಿದವು. ಆದರೆ ಒಮ್ಮೆ ಮಿನಿಮೈಸ್ ಮಾಡಿ ಮತ್ತೆ ತೆರೆದರೆ ಫಾರ್ಮಿನಲ್ಲಿ ಏನೂ ಇರುವುದಿಲ್ಲ. ಯಾವ ಅಳತೆಯ ಪರದೆಯಾದರೂ ಒಳಗಿನದೆಲ್ಲ ತುಂಬಿಕೊಳ್ಳುವಂತೆ ಮಾಡುವುದು ಹೇಗೆ?

ಉತ್ತರ: ಮ್ಯಾಕ್ಸಿಮೈಸ್ ಗುಂಡಿಯನ್ನು ಒತ್ತಿದಾಗ ವಿಂಡೋಸ್ ಮಾಡುವುದು ಇಷ್ಟೇ: ಚೌಕಟ್ಟನ್ನು ದೊಡ್ಡದು ಮಾಡಿ, ಅಳತೆ ಬದಲಾಗಿದೆಯೆಂಬ ಸುದ್ದಿಯನ್ನು ಪ್ರೋಗ್ರಾಮಿಗೆ ಮುಟ್ಟಿಸುತ್ತದೆ. ಆ ಸುದ್ದಿ ಬಂದಾಗ ಒಳಗಿನ ಪಟ್ಟಿ, ಪೆಟ್ಟಿಗೆ, ಬಟನ್‌ಗಳು ಏನು ಮಾಡಬೇಕೆಂಬುದನ್ನು ಪ್ರೋಗ್ರಾಮ್ ಬರೆದವರೇ ಮೊದಲೇ ಹೇಳಿಟ್ಟಿರಬೇಕು. ವಿಂಡೋಸ್ ಫಾರ್ಮ್ಸ್‌ನಲ್ಲಿ ಪ್ರತಿಯೊಂದು ಕಂಟ್ರೋಲಿಗೂ ಆ್ಯಂಕರ್ ಎಂಬ ಗುಣವಿದ್ದು, ನಾವು ಅದನ್ನು ಮುಟ್ಟದೆ ಬಿಟ್ಟರೆ ‘ಮೇಲೆ, ಎಡ’ ಎಂದು ಇರುತ್ತದೆ. ಅಂದರೆ ಆ ಕಂಟ್ರೋಲು ಮೇಲಂಚಿನಿಂದಲೂ ಎಡ ಅಂಚಿನಿಂದಲೂ ಮೊದಲು ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿ, ಮೊದಲಿನ ಗಾತ್ರದಲ್ಲೇ ನಿಲ್ಲುತ್ತದೆ. ನಿಮ್ಮ ಎಡಮೂಲೆಯ ಗುಂಪಿಗೆ ಕಾರಣ ಇದು.

ಮಿನಿಮೈಸ್ ಮಾಡಿದಾಗ ಎಲ್ಲವೂ ಮಾಯವಾಗುವುದಕ್ಕೆ ಕಾರಣ ಬೇರೆ. ಮಿನಿಮೈಸ್ ಆದ ಫಾರ್ಮಿನ ಒಳ ಅಳತೆ ಸೊನ್ನೆಯಾಗುತ್ತದೆ, ಮತ್ತು ಆಗಲೂ ರೀಸೈಜ್ ಘಟನೆ, ಅಂದರೆ ಅಳತೆ ಬದಲಾದ ಸುದ್ದಿ, ನಡೆಯುತ್ತದೆ. ನಿಮ್ಮ ಕೋಡ್ ಎಲ್ಲ ಕಂಟ್ರೋಲುಗಳನ್ನೂ ಸೊನ್ನೆಯಿಂದ ಗುಣಿಸಿಬಿಡುತ್ತದೆ. ಮುಂದೆ ಆ ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಹಿಂದಿನ ಅಳತೆ ಮರಳಿ ಬರುವುದಿಲ್ಲ. ಈ ದಾರಿಯಲ್ಲೇ ಹೋಗಬೇಕೆಂದಿದ್ದರೆ ಎರಡು ಎಚ್ಚರಿಕೆಗಳು ಬೇಕು. ಫಾರ್ಮ್ ಮೊದಲು ತೆರೆದಾಗಲೇ ಪ್ರತಿ ಕಂಟ್ರೋಲಿನ ಮೂಲ ಅಳತೆಯನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಸಲವೂ ಆ ಮೂಲದಿಂದಲೇ ಲೆಕ್ಕ ಹಾಕಬೇಕು. ಈಗಿರುವ ಅಳತೆಯನ್ನೇ ಮತ್ತೆ ಮತ್ತೆ ಗುಣಿಸುತ್ತ ಹೋದರೆ, ಪಿಕ್ಸೆಲ್‌ಗಳು ಪೂರ್ಣಾಂಕಗಳಾಗಿರುವುದರಿಂದ ಸಲಸಲಕ್ಕೂ ಉಳಿದುಹೋಗುವ ಭಿನ್ನಾಂಶಗಳು ಸೇರಿ, ಹತ್ತಿಪ್ಪತ್ತು ಬದಲಾವಣೆಗಳಲ್ಲಿ ಸಾಲುಗಳು ಓರೆಯಾಗತೊಡಗುತ್ತವೆ. ಎರಡನೆಯದಾಗಿ, ವಿಂಡೋ ಮಿನಿಮೈಸ್ ಸ್ಥಿತಿಯಲ್ಲಿದ್ದರೆ ಆ ಲೆಕ್ಕವನ್ನು ಮಾಡದೆ ಹಿಂದಿರುಗಬೇಕು.

ಆದರೆ ಈ ದಾರಿಯಲ್ಲಿ ಹೋಗಬೇಡಿರೆಂದೇ ನಮ್ಮ ಸಲಹೆ. ದೊಡ್ಡ ಮನೆಗೆ ಹೋದೆವೆಂದು ಯಾರೂ ಮಂಚವನ್ನು ಹಿಡಿದೆಳೆದು ಉದ್ದ ಮಾಡುವುದಿಲ್ಲ; ಮಂಚವನ್ನು ಸರಿಯಾದ ಗೋಡೆಗೆ ಸೇರಿಸಿ, ಓಡಾಡುವ ಜಾಗವನ್ನು ನಡುಮನೆಗೆ ಬಿಡುತ್ತಾರೆ. ಪರದೆಯನ್ನು ತುಂಬಿಸುವುದರಲ್ಲೂ ಹಿಗ್ಗಿಸುವುದು ಒಂದು ಕೆಲಸ, ಸಿಕ್ಕ ಜಾಗವನ್ನು ಹಂಚುವುದು ಇನ್ನೊಂದು ಕೆಲಸ. ಲೆಕ್ಕದ ಪ್ರೋಗ್ರಾಮಿಗೆ ಬೇಕಾದದ್ದು ಹಂಚಿಕೆ. ಪರದೆ ದೊಡ್ಡದಾದಾಗ ನಿಮ್ಮ ಸೋದರಮಾವನವರಿಗೆ ಉಪಯೋಗವಾಗುವುದು ಹೆಚ್ಚು ಗಿರಾಕಿಗಳ ಸಾಲುಗಳು ಒಂದೇ ನೋಟಕ್ಕೆ ಕಂಡಾಗ. ‘ಉಳಿಸು’ ಎಂಬ ಬಟನ್ ಅಂಗೈ ಅಗಲವಾಗುವುದರಿಂದ ಅವರಿಗೆ ಏನೂ ದಕ್ಕುವುದಿಲ್ಲ.

ಇಲ್ಲಿ ಒಂದು ಮೋಸವೂ ಅಡಗಿದೆ. ನಿಮ್ಮ ಎರಡು ಪರದೆಗಳ ಅಗಲಗಳ ಅನುಪಾತ 1920 ಭಾಗಿಸು 1366, ಅಂದರೆ ಸುಮಾರು 1.4056; ಎತ್ತರಗಳ ಅನುಪಾತ 1080 ಭಾಗಿಸು 768, ಅಂದರೆ 1.40625. ಎರಡೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನಿಮ್ಮ ಗುಣಾಕಾರ ಮೊದಲ ಸಲ ಅಂದವಾಗಿಯೇ ಕಂಡಿತು. ಇದೇ ಪ್ರೋಗ್ರಾಮನ್ನು 1280×1024ರ ಹಳೆಯ ಚೌಕಾಕಾರದ ಮಾನಿಟರಿನಲ್ಲಿ ತೆರೆದರೆ ಅಗಲದ ಅನುಪಾತ 0.937, ಎತ್ತರದ್ದು 1.333 ಆಗುತ್ತದೆ. ಎಲ್ಲವೂ ಅಡ್ಡಕ್ಕೆ ಕುಗ್ಗಿ ಉದ್ದಕ್ಕೆ ಎಳೆದಂತಾಗಿ, ಗುಂಡಗಿನ ಚಿಹ್ನೆಗಳು ಮೊಟ್ಟೆಯಾಕಾರ ತಾಳುತ್ತವೆ. ಇದಲ್ಲದೆ ಮ್ಯಾಕ್ಸಿಮೈಸ್ ಆದ ವಿಂಡೋಗೆ ಇಡೀ ಪರದೆ ಸಿಗುವುದೂ ಇಲ್ಲ: ವಿಂಡೋಸಿನ ಸ್ಕೇಲ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸುವ ಪ್ರಮಾಣ) ಶೇಕಡಾ 100 ಇದ್ದಾಗ ಕೆಳಗಿನ ಟಾಸ್ಕ್‌ಬಾರ್ ವಿಂಡೋಸ್ 10ರಲ್ಲಿ 40 ಪಿಕ್ಸೆಲ್, ವಿಂಡೋಸ್ 11ರಲ್ಲಿ 48 ಪಿಕ್ಸೆಲ್ ಎತ್ತರವನ್ನು ತೆಗೆದುಕೊಳ್ಳುತ್ತದೆ, ಅದರ ಮೇಲೆ ಶೀರ್ಷಿಕೆಯ ಪಟ್ಟಿ ಬೇರೆ. ಆದ್ದರಿಂದ ಪರದೆಯ ಅಳತೆಯನ್ನು ಕೋಡಿನಲ್ಲಿ ಎಲ್ಲಿಯೂ ಬರೆಯದೆ, ಫಾರ್ಮಿನ ಒಳ ಅಳತೆಯನ್ನಷ್ಟೇ ನಂಬುವುದು ಕ್ಷೇಮ.

ಹಂಚಿಕೆಯನ್ನು ಹೀಗೆ ಮಾಡಬಹುದು. ಗಿರಾಕಿಯ ಹೆಸರು, ದಿನಾಂಕ ಬರೆಯುವ ಪೆಟ್ಟಿಗೆಗಳನ್ನೆಲ್ಲ, ಅವುಗಳನ್ನು ಒಟ್ಟಿಗೆ ಹಿಡಿದಿಡುವ ಒಂದು ಪ್ಯಾನೆಲ್‌ನಲ್ಲಿ ಇಟ್ಟು, ಅದು ಯಾವ ಅಂಚಿಗೆ ಅಂಟಿ ನಿಲ್ಲಬೇಕೆಂದು ಹೇಳುವ ಡಾಕ್ ಗುಣವನ್ನು ‘ಟಾಪ್’ ಎಂದು ಮಾಡಿ. ಒಟ್ಟು ಮೊತ್ತ ಮತ್ತು ಬಟನ್‌ಗಳಿರುವ ಪ್ಯಾನೆಲನ್ನು ‘ಬಾಟಮ್’ ಎಂದು ಮಾಡಿ. ನಡುವೆ ಲೆಕ್ಕದ ಸಾಲುಗಳನ್ನು ತೋರಿಸುವ ಕೋಷ್ಟಕಕ್ಕೆ, ಅಂದರೆ ಡೇಟಾ ಗ್ರಿಡ್‌ಗೆ ‘ಫಿಲ್’ ಎಂದು ಕೊಟ್ಟರೆ, ಉಳಿದ ಜಾಗವೆಷ್ಟಿದ್ದರೂ ಅದು ತನ್ನದಾಗಿಸಿಕೊಳ್ಳುತ್ತದೆ. ಇಷ್ಟು ಮಾಡಿದ ಮೇಲೂ ಗ್ರಿಡ್‌ನ ಮೇಲಿನ ಸಾಲುಗಳು ಪ್ಯಾನೆಲ್‌ನ ಹಿಂದೆ ಮರೆಯಾದರೆ ಗಾಬರಿಯಾಗಬೇಕಿಲ್ಲ. ಡಾಕಿಂಗ್ ಹಿಂದಿನ ಪದರದಿಂದ ಮುಂದಿನ ಪದರದ ಕಡೆಗೆ ನಡೆಯುವುದರಿಂದ ‘ಫಿಲ್’ ಆದದ್ದು ಎಲ್ಲಕ್ಕಿಂತ ಮುಂದೆ ಇರಬೇಕು. ಫಾರ್ಮನ್ನು ರಚಿಸುವ ಡಿಸೈನರಿನಲ್ಲಿ ಗ್ರಿಡ್ ಮೇಲೆ ಬಲ ಕ್ಲಿಕ್ ಮಾಡಿ ‘ಬ್ರಿಂಗ್ ಟು ಫ್ರಂಟ್’ ಎಂದರೆ ಸರಿಹೋಗುತ್ತದೆ. ಈ ಒಂದು ಸಂಗತಿ ತಿಳಿಯದೆ ಹೊಸಬರು ಕಳೆಯುವ ಗಂಟೆಗಳು ಕಡಿಮೆಯೇನಲ್ಲ.

ಕೆಳಗಿನ ಪ್ಯಾನೆಲ್‌ನ ಬಟನ್‌ಗಳಿಗೆ ಆ್ಯಂಕರನ್ನು ‘ಕೆಳಗೆ, ಬಲ’ ಎಂದು ಕೊಟ್ಟರೆ ಅವು ಬಲಮೂಲೆಯನ್ನು ಬಿಡುವುದಿಲ್ಲ. ಹೆಸರು ಬರೆಯುವ ಪೆಟ್ಟಿಗೆಗೆ ‘ಮೇಲೆ, ಎಡ, ಬಲ’ ಎಂದು ಮೂರನ್ನೂ ಕೊಟ್ಟರೆ ಅದು ಅಡ್ಡಕ್ಕಷ್ಟೇ ಬೆಳೆಯುತ್ತದೆ. ಅಕ್ಕಪಕ್ಕದಲ್ಲಿ ಎರಡು ಪೆಟ್ಟಿಗೆಗಳಿದ್ದು ಎರಡೂ ಬೆಳೆಯಬೇಕಾದಾಗ ಆ್ಯಂಕರ್ ಸಾಲದು, ಒಂದರ ಮೇಲೊಂದು ಏರುತ್ತವೆ. ಅಲ್ಲಿಗೆ 2005ರಲ್ಲಿ ಡಾಟ್ ನೆಟ್ 2.0ರ ಜೊತೆ ಬಂದ ಟೇಬಲ್ ಲೇಔಟ್ ಪ್ಯಾನೆಲ್ ತಕ್ಕುದು. ಅದರ ಕಂಬಸಾಲುಗಳಿಗೆ ಶೇಕಡಾ 60, ಶೇಕಡಾ 40 ಎಂದು ಪಾಲು ಹೇಳಿಬಿಟ್ಟರೆ ಪರದೆ ಯಾವುದಾದರೂ ಅದೇ ಪ್ರಮಾಣ ಉಳಿಯುತ್ತದೆ. ಗ್ರಿಡ್‌ನ ಒಳಗೂ ಇದೇ ಹಂಚಿಕೆ ಬೇಕು: ಆಟೋಸೈಜ್ ಕಾಲಮ್ಸ್ ಮೋಡ್ ಎಂಬುದನ್ನು ‘ಫಿಲ್’ ಮಾಡಿ, ಪ್ರತಿ ಕಾಲಮ್ಮಿಗೆ ಫಿಲ್ ವೆಯ್ಟ್, ಅಂದರೆ ಜಾಗದ ಪಾಲು, ಕೊಡಿ. ನಾವು ಮುಟ್ಟದೆ ಬಿಟ್ಟರೆ ಎಲ್ಲ ಕಾಲಮ್ಮುಗಳಿಗೂ ಅದು 100 ಎಂದಿರುತ್ತದೆ. ಗಿರಾಕಿಯ ಹೆಸರಿಗೆ 300 ಕೊಟ್ಟು ಚೀಲ, ದರಗಳನ್ನು 100ರಲ್ಲೇ ಬಿಟ್ಟರೆ ಹೆಸರಿಗೆ ಅವುಗಳ ಮೂರು ಪಟ್ಟು ಅಗಲ ದೊರೆಯುತ್ತದೆ. ಕೊನೆಗೆ ಫಾರ್ಮಿಗೆ ಮಿನಿಮಮ್ ಸೈಜ್ ಒಂದನ್ನು ಗೊತ್ತುಮಾಡಿ; ಇಲ್ಲವಾದರೆ ಯಾರಾದರೂ ವಿಂಡೋವನ್ನು ಅತಿಯಾಗಿ ಕಿರಿದು ಮಾಡಿದಾಗ ಗ್ರಿಡ್ ಹಿಂಡಿಹೋಗುತ್ತದೆ.

ಇನ್ನು ಅಕ್ಷರಗಳ ಮಾತು. ಆ್ಯಂಕರ್ ಆಗಲಿ ಡಾಕ್ ಆಗಲಿ ಅಕ್ಷರದ ಗಾತ್ರವನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಅಂಗಡಿಯಲ್ಲಿ ಕೂರುವ ಹಿರಿಯರಿಗೆ ದೊಡ್ಡ ಅಕ್ಷರ ಬೇಕಿದ್ದರೆ ಅದಕ್ಕೆಂದೇ ಒಂದು ಆಯ್ಕೆಯನ್ನು ಕೊಟ್ಟು, ಇಡೀ ಫಾರ್ಮಿನ ಫಾಂಟನ್ನು ಬದಲಿಸಿ. ಫಾರ್ಮಿನ ಆಟೋಸ್ಕೇಲ್ ಮೋಡ್ ಎಂಬ ಗುಣ ‘ಫಾಂಟ್’ ಎಂದಿದ್ದರೆ ಪೆಟ್ಟಿಗೆಗಳೂ ಬಟನ್‌ಗಳೂ ಅಕ್ಷರದ ಪ್ರಮಾಣಕ್ಕೆ ತಕ್ಕಂತೆ ತಾವೇ ಬೆಳೆಯುತ್ತವೆ. ಆದರೆ ಯಾವ ಕಂಟ್ರೋಲಿಗೆ ನೀವು ಬೇರೆಯಾಗಿ ಫಾಂಟ್ ಕೊಟ್ಟಿದ್ದೀರೋ ಅದು ಫಾರ್ಮಿನ ಮಾತು ಕೇಳುವುದಿಲ್ಲ. ಅಂಥವನ್ನು ಮೊದಲು ಹುಡುಕಿ ತೆಗೆಯಿರಿ.

ಬೇರೆ ಭಾಷೆಗಳಲ್ಲಿ ಬರೆಯುವ ನಿಮ್ಮ ಸಹಪಾಠಿಗಳಿಗೂ ಇದೇ ಉತ್ತರ ಸಲ್ಲುತ್ತದೆ. ಜಾವಾ ಸ್ವಿಂಗ್‌ನಲ್ಲಿ (ಜಾವಾ ಭಾಷೆಯಲ್ಲಿ ವಿಂಡೋ ಕಟ್ಟುವ ಸಲಕರಣೆ) ಲೇಔಟನ್ನು, ಅಂದರೆ ಜೋಡಣೆಯ ನಿಯಮವನ್ನು, ನಲ್ (ಇಲ್ಲ) ಎಂದು ಮಾಡಿ ಅಂಕೆಗಳನ್ನು ಬರೆದವರಿಗೆ ಇದೇ ಎಡಮೂಲೆ ಕಾದಿರುತ್ತದೆ. ಗ್ರಿಡ್‌ಬ್ಯಾಗ್ ಲೇಔಟ್ ಬಳಸಿಯೂ ಎಲ್ಲವೂ ನಡುವೆ ಮುದ್ದೆಯಾಗಿ ನಿಂತರೆ, ಅಡ್ಡಕ್ಕೂ ಉದ್ದಕ್ಕೂ ಜಾಗದ ಪಾಲು ಹೇಳುವ ವೆಯ್ಟ್ ಎಕ್ಸ್, ವೆಯ್ಟ್ ವೈ ಎರಡನ್ನೂ ಸೊನ್ನೆಯಲ್ಲೇ ಬಿಟ್ಟಿದ್ದಾರೆಂದು ತಿಳಿಯಬೇಕು.

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ, ಚೆಕ್‌ರೋಲ್, ವಾರದ ಬಟವಾಡೆ ಎಲ್ಲವೂ ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಹಳೆಯ ಪ್ರೋಗ್ರಾಮಿನಲ್ಲಿವೆ. ಬರೆದುಕೊಟ್ಟವರು ಈಗ ಆ ಕೆಲಸದಲ್ಲಿಲ್ಲ, ಮೂಲ ಕೋಡ್ ನಮ್ಮ ಬಳಿ ಇಲ್ಲ. ಸಾಹುಕಾರರು ಕೊಡಿಸಿದ 15.6 ಇಂಚಿನ, 1920×1080ರ ಹೊಸ ಲ್ಯಾಪ್‌ಟಾಪಿನಲ್ಲಿ ಅದರ ವಿಂಡೋ ಅಂಚೆ ಕಾರ್ಡಿನಷ್ಟು ಕಾಣುತ್ತದೆ, ಮೇಲಾಗಿ ಅಕ್ಷರಗಳು ಮಂಜು ಮುಸುಕಿದಂತಿವೆ. ಮ್ಯಾಕ್ಸಿಮೈಸ್ ಗುಂಡಿಯೇ ಮಸುಕಾಗಿದ್ದು ಒತ್ತಲು ಬರುವುದಿಲ್ಲ. ಏನಾದರೂ ದಾರಿಯಿದೆಯೆ?

ಉತ್ತರ: ದಾರಿಯಿದೆ, ಆದರೆ ಹಿಂದಿನ ಪತ್ರದವರಂತೆ ಒಳಗಿನದನ್ನು ಹೊಸದಾಗಿ ಹಂಚುವ ಅವಕಾಶ ನಿಮಗಿಲ್ಲ. ಇಡೀ ಚಿತ್ರವನ್ನು ಹಿಗ್ಗಿಸುವುದೊಂದೇ ಉಳಿದಿದೆ, ಮತ್ತು ಆ ಕೆಲಸವನ್ನು ವಿಂಡೋಸ್‌ನಿಂದ ಮಾಡಿಸಬೇಕು. ವಿಷುಯಲ್ ಬೇಸಿಕ್ 6 ಬಂದದ್ದು 1998ರಲ್ಲಿ. ಆಗ ಪರದೆಯೆಂದರೆ 800×600 ಅಥವಾ 1024×768. ಆ್ಯಂಕರ್‌ನಂಥ ಸೌಕರ್ಯ ಆ ಭಾಷೆಯಲ್ಲಿ ಇರಲಿಲ್ಲವಾದ್ದರಿಂದ, ಬರೆದವರು ಅಳತೆಯನ್ನು ಕಟ್ಟಿಹಾಕಿ ಮ್ಯಾಕ್ಸಿಮೈಸ್ ಗುಂಡಿಯನ್ನೂ ತೆಗೆದುಬಿಡುವುದು ವಾಡಿಕೆಯಾಗಿತ್ತು. ಅವರನ್ನು ದೂರುವಂತಿಲ್ಲ.

ವಿಂಡೋ ಚಿಕ್ಕದಾಗಿ ಕಾಣುವುದು ಪಿಕ್ಸೆಲ್‌ಗಳೇ ಚಿಕ್ಕದಾಗಿರುವುದರಿಂದ. ವಿಂಡೋಸ್ ತನ್ನ ಲೆಕ್ಕದಲ್ಲಿ ಒಂದು ಇಂಚಿಗೆ 96 ಪಿಕ್ಸೆಲ್ ಎಂದು ಹಿಡಿದುಕೊಂಡು ಅದನ್ನು ಶೇಕಡಾ 100 ಎನ್ನುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಇಂಚಿಗೆ ಸುಮಾರು 141 ಪಿಕ್ಸೆಲ್‌ಗಳಿವೆ. ಈ ಅಂತರವನ್ನು ತುಂಬಲೆಂದೇ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಸ್ಕೇಲ್ ಎಂಬ ಆಯ್ಕೆ ಇದ್ದು, ಅಲ್ಲಿ 125, 150, 175 ಎಂಬ ಶೇಕಡಾ ಅಂಕೆಗಳು ಕಾಣುತ್ತವೆ. ಹೊಸ ಪ್ರೋಗ್ರಾಮುಗಳು ಆ ಅಂಕೆಯನ್ನು ಓದಿಕೊಂಡು ತಮ್ಮ ಅಕ್ಷರಗಳನ್ನು ತಾವೇ ದೊಡ್ಡದಾಗಿ ಬರೆಯುತ್ತವೆ. ನಿಮ್ಮದರಂಥ ಹಳೆಯವು ಓದುವುದಿಲ್ಲ. ಅಂಥವುಗಳಿಗೆ ವಿಂಡೋಸ್ ಒಂದು ಚಿಕ್ಕ ಪರದೆಯನ್ನು ತೋರಿಸಿ, ಅಲ್ಲಿ ಬರೆಸಿಕೊಂಡು, ಬಂದ ಚಿತ್ರವನ್ನು ಎಳೆದು ದೊಡ್ಡದು ಮಾಡಿ ನಿಮಗೆ ತೋರಿಸುತ್ತದೆ: ಶೇಕಡಾ 125ರಲ್ಲಿ ನಿಮ್ಮ ಚೆಕ್‌ರೋಲ್ ಪ್ರೋಗ್ರಾಮು ತಾನು 1536×864ರ ಪರದೆಯ ಮೇಲಿದ್ದೇನೆಂದು ತಿಳಿದಿರುತ್ತದೆ. ಎಳೆದ ಚಿತ್ರವಾದ್ದರಿಂದ ಅಕ್ಷರಗಳು ಮಂಜಾಗುತ್ತವೆ.

ಮೊದಲು ಸ್ಕೇಲನ್ನು 150ಕ್ಕೆ ಏರಿಸಿ. ಆಮೇಲೆ ಪ್ರೋಗ್ರಾಮನ್ನು ತೆರೆಯುವ .exe ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಪುಟದಲ್ಲಿ ‘ಚೇಂಜ್ ಹೈ ಡಿ.ಪಿ.ಐ. ಸೆಟ್ಟಿಂಗ್ಸ್’ ಎಂಬುದನ್ನು (ಡಿ.ಪಿ.ಐ. ಎಂದರೆ ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ) ಒತ್ತಿ. ಕೆಳಭಾಗದಲ್ಲಿ ಓವರ್‌ರೈಡ್ ಎಂಬ ಸಾಲಿಗೆ ಗುರುತು ಹಾಕಿದರೆ ಮೂರು ಆಯ್ಕೆಗಳು ತೆರೆಯುತ್ತವೆ. ‘ಅಪ್ಲಿಕೇಶನ್’ ಎಂಬುದು ಎಳೆಯುವುದನ್ನೇ ನಿಲ್ಲಿಸುವುದರಿಂದ ಅಕ್ಷರ ಸ್ಪಷ್ಟವಾದರೂ ವಿಂಡೋ ಮತ್ತೆ ಅಂಚೆ ಕಾರ್ಡಾಗುತ್ತದೆ. ‘ಸಿಸ್ಟಮ್’ ಎಂದರೆ ಈಗ ನೀವು ನೋಡುತ್ತಿರುವ ಮಂಜು. ‘ಸಿಸ್ಟಮ್ ಎನ್‌ಹಾನ್ಸ್ಡ್’ ಎಂಬ ಮೂರನೆಯದು 2017ರ ವಿಂಡೋಸ್ 10ರ ಪರಿಷ್ಕರಣೆಯೊಂದಿಗೆ ಬಂದದ್ದು. ಅದು ಅಕ್ಷರಗಳನ್ನೂ ಗೆರೆಗಳನ್ನೂ ದೊಡ್ಡ ಅಳತೆಯಲ್ಲೇ ಹೊಸದಾಗಿ ಬರೆಸಿ, ಚಿತ್ರಗಳನ್ನು ಮಾತ್ರ ಎಳೆಯುತ್ತದೆ. ವಿಷುಯಲ್ ಬೇಸಿಕ್ 6ರ ಪ್ರೋಗ್ರಾಮುಗಳಿಗೆ ಇದು ಬಹುತೇಕ ಒಗ್ಗುತ್ತದೆ. ಎಲ್ಲಾದರೂ ಪೆಟ್ಟಿಗೆಗಳು ಒಡೆದಂತೆ ಕಂಡರೆ ಅದೇ ಪುಟಕ್ಕೆ ಹೋಗಿ ‘ಸಿಸ್ಟಮ್’ ಎಂದು ಹಿಂದಕ್ಕೆ ಮಾಡಿಕೊಳ್ಳಬಹುದು, ಲೆಕ್ಕಕ್ಕೆ ಏನೂ ಆಗುವುದಿಲ್ಲ.

ಪರದೆಯ ರೆಸಲ್ಯೂಷನನ್ನೇ 1280×720ಕ್ಕೆ ಇಳಿಸಿಬಿಡಿ ಎಂದು ಅಂಗಡಿಗಳಲ್ಲಿ ಹೇಳುವವರಿದ್ದಾರೆ. ಶೇಕಡಾ 150ರ ಸ್ಕೇಲ್‌ನಲ್ಲಿ ನಿಮ್ಮ ಪ್ರೋಗ್ರಾಮಿಗೆ ಕಾಣುವುದು ಸರಿಯಾಗಿ ಅದೇ 1280×720. ರೆಸಲ್ಯೂಷನ್ ಇಳಿಸಿದರೆ ದೊರೆಯುವ ಗಾತ್ರ ಇಷ್ಟೇ, ಆದರೆ ಉಳಿದ ಎಲ್ಲ ಪ್ರೋಗ್ರಾಮುಗಳೂ ಅದರ ಜೊತೆಗೆ ಮಂಜಾಗುತ್ತವೆ. ಆದ್ದರಿಂದ ಬೇಡ.

ಇಷ್ಟು ಸಾಲದೆ ಪರದೆಯ ಎತ್ತರವೆಲ್ಲ ತುಂಬಲೇಬೇಕೆಂದಾದರೆ, ಬಟವಾಡೆಯ ದಿನದ ಮಟ್ಟಿಗೆ ರೆಸಲ್ಯೂಷನನ್ನು 800×600ಕ್ಕೆ ಇಳಿಸಿ, ಸ್ಕೇಲ್ ಶೇಕಡಾ 100 ಆಗಿದೆಯೆಂದು ನೋಡಿಕೊಂಡು ಕೆಲಸ ಮಾಡಬಹುದು. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆಯನ್ನು ಆರಿಸಿದರೆ ಚಿತ್ರ 1440×1080ರಷ್ಟು ಬೆಳೆದು, ಎರಡು ಪಕ್ಕಗಳಲ್ಲಿ 240 ಪಿಕ್ಸೆಲ್‌ನ ಕಪ್ಪು ಪಟ್ಟಿಗಳು ಉಳಿಯುತ್ತವೆ. ಆ ಕಪ್ಪು ಪಟ್ಟಿಗಳನ್ನು ತೆಗೆಯಲೆಂದು ಅಡ್ಡಕ್ಕೆ ಎಳೆಯುವ ಆಯ್ಕೆಯನ್ನು ಒತ್ತಬೇಡಿ. ಬೇಲೂರಿನ ಶಿಲಾಬಾಲಿಕೆಯ ಫೋಟೋವನ್ನು ಅಡ್ಡಕ್ಕೆ ಎಳೆದರೆ ಹೇಗಾದೀತೋ ನಿಮ್ಮ ಅಂಕೆಗಳೂ ಹಾಗಾಗುತ್ತವೆ. ಈ ಅಳತೆಯಲ್ಲಿ ಟಾಸ್ಕ್‌ಬಾರ್ ನಿಮ್ಮ ಕೆಳಗಿನ ಬಟನ್‌ಗಳನ್ನು ಮುಚ್ಚುವ ಸಂಭವವಿದ್ದು, ಅದು ತಾನಾಗಿ ಅಡಗುವಂತೆ ಮಾಡಿಕೊಳ್ಳಬೇಕು. ಒಂದೆರಡು ಅಂಕೆಗಳನ್ನಷ್ಟೇ ದೊಡ್ಡದಾಗಿ ನೋಡಬೇಕಾದಾಗ ಇದಾವುದೂ ಬೇಡ: ವಿಂಡೋಸ್ ಕೀಲಿ ಮತ್ತು ಪ್ಲಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮ್ಯಾಗ್ನಿಫೈಯರ್ ತೆರೆಯುತ್ತದೆ, ವಿಂಡೋಸ್ ಕೀಲಿ ಮತ್ತು ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ.

ಪ್ರಶ್ನೆ: ಮ್ಯಾಕ್ಸಿಮೈಸ್ ಮಾಡುವುದಕ್ಕೂ ಫುಲ್ ಸ್ಕ್ರೀನ್ ಮಾಡುವುದಕ್ಕೂ ವ್ಯತ್ಯಾಸವೇನು? ಎಫ್ 11 ಒತ್ತಿದರೆ ಕೆಲವು ಪ್ರೋಗ್ರಾಮುಗಳು ಮಾತ್ರ ಕೇಳುತ್ತವೆ. (ಅರಸೀಕೆರೆಯ ಓದುಗರು)

ಉತ್ತರ: ಮ್ಯಾಕ್ಸಿಮೈಸ್ ಆದ ವಿಂಡೋ ತನ್ನ ಶೀರ್ಷಿಕೆಯ ಪಟ್ಟಿಯನ್ನು ಉಳಿಸಿಕೊಂಡು, ಟಾಸ್ಕ್‌ಬಾರಿಗೆ ಜಾಗ ಬಿಟ್ಟು ನಿಲ್ಲುತ್ತದೆ, ಇದನ್ನು ವಿಂಡೋಸ್ ಕೀಲಿ ಮತ್ತು ಮೇಲ್ಬಾಣದ ಕೀಲಿಯಿಂದಲೂ ಮಾಡಬಹುದು. ಫುಲ್ ಸ್ಕ್ರೀನ್ ಎಂದರೆ ಅಂಚು, ಶೀರ್ಷಿಕೆ, ಟಾಸ್ಕ್‌ಬಾರ್ ಏನೂ ಕಾಣದಂತೆ ಇಡೀ ಪರದೆಯನ್ನು ಆವರಿಸುವುದು. ಇದು ಆಯಾ ಪ್ರೋಗ್ರಾಮು ಬರೆದವರು ಕೊಟ್ಟಿದ್ದರಷ್ಟೇ ಸಿಗುವ ಸೌಕರ್ಯ. ಬ್ರೌಸರುಗಳು ಅದಕ್ಕೆ ಎಫ್ 11 ಎಂಬ ಕೀಲಿಯನ್ನು ಇಟ್ಟುಕೊಂಡಿವೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಖರೀದಿಯ ವ್ಯಾಪಾರ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಇವುಗಳ ಆ ದಿನದ ದರವನ್ನು 50 ಕಿಲೋ ಚೀಲದ ಲೆಕ್ಕದಲ್ಲಿ ತೋರಿಸುವ ಫಲಕವನ್ನು ನನ್ನ ಮಗಳು ಪೈಥಾನ್ ಭಾಷೆ ಮತ್ತು ಅದರಲ್ಲಿ ವಿಂಡೋ ಕಟ್ಟುವ ಟಿಕಿಂಟರ್ ಎಂಬ ಸಲಕರಣೆ ಬಳಸಿ ಕನ್ನಡದಲ್ಲೇ ಮಾಡಿಕೊಟ್ಟಿದ್ದಾಳೆ. ಕಂಪ್ಯೂಟರಿನಲ್ಲಿ ಸರಿಯಾಗಿದೆ. ಅಂಗಡಿಯ ಗೋಡೆಯ ಟಿ.ವಿ.ಗೆ ಜೋಡಿಸಿದರೆ ಅಕ್ಷರಗಳು ಚಿಕ್ಕದಾಗಿ ಕಾಣುತ್ತವೆ, ನಾಲ್ಕೂ ಅಂಚುಗಳು ಸ್ವಲ್ಪ ಕತ್ತರಿಸಿಹೋಗಿವೆ, ಅಕ್ಷರ ದೊಡ್ಡದು ಮಾಡಿದರೆ ಒತ್ತಕ್ಷರಗಳ ಕೆಳಭಾಗ ಮುಚ್ಚಿಹೋಗುತ್ತದೆ.

ಉತ್ತರ: ಮೊದಲ ಪತ್ರದವರಿಗೆ ಹಿಗ್ಗಿಸಬೇಡಿ ಎಂದ ನಾವೇ ನಿಮಗೆ ಹಿಗ್ಗಿಸಿ ಎನ್ನಬೇಕಾಗಿದೆ. ದರ ಫಲಕವನ್ನು ಯಾರೂ ಹತ್ತಿರ ಕೂತು ಓದುವುದಿಲ್ಲ, ಅದರಲ್ಲಿ ಹೊಸ ಸಾಲುಗಳನ್ನು ತುಂಬಿಸುವ ಅಗತ್ಯವೂ ಇಲ್ಲ. ನಾಲ್ಕೇ ಸಾಲುಗಳು ಬಾಗಿಲಲ್ಲಿ ನಿಂತವರಿಗೂ ಕಾಣುವಂತಿದ್ದರೆ ಅದರ ಕೆಲಸವಾಯಿತು.

ಅಂಚುಗಳು ಕತ್ತರಿಸಿಹೋಗುವುದರಲ್ಲಿ ನಿಮ್ಮ ಮಗಳ ತಪ್ಪಿಲ್ಲ. ಹಳೆಯ ಕಾಲದ ಟಿ.ವಿ.ಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡಲೆಂದು ಅದನ್ನು ತುಸು ಹಿಗ್ಗಿಸಿ ತೋರಿಸುತ್ತಿದ್ದವು. ಓವರ್‌ಸ್ಕ್ಯಾನ್ ಎಂಬ ಈ ಅಭ್ಯಾಸವನ್ನು ಇಂದಿನ ಟಿ.ವಿ.ಗಳಲ್ಲೂ ಹಲವು ಉಳಿಸಿಕೊಂಡಿವೆ. ರಿಮೋಟಿನಿಂದ ಪಿಕ್ಚರ್ ಮೆನುವಿಗೆ ಹೋಗಿ, ಚಿತ್ರದ ಅಳತೆಯ ಆಯ್ಕೆಗಳಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘ಒರಿಜಿನಲ್’ ಎಂಬಂಥ ಹೆಸರಿನದನ್ನು ಆರಿಸಿದರೆ ಅಂಚುಗಳು ಮರಳಿ ಬರುತ್ತವೆ. ಇದನ್ನು ಮಾಡುವ ಮೊದಲು ಕೋಡಿಗೆ ಕೈ ಹಾಕಬೇಡಿ, ಎರಡು ತೊಂದರೆಗಳು ಒಂದರೊಳಗೊಂದು ಬೆರೆತು ಯಾವುದು ಸರಿಹೋಯಿತೆಂದೇ ತಿಳಿಯದಂತಾಗುತ್ತದೆ.

ಮುಂದಿನದನ್ನು ಮಗಳಿಗೆ ಓದಿ ಹೇಳಿ. ವಿಂಡೋವನ್ನು ಫುಲ್ ಸ್ಕ್ರೀನ್ ಎಂಬ ಗುಣ ಕೊಟ್ಟು ತೆರೆದಾಗ ಮುಚ್ಚುವ ಗುಂಡಿಯೂ ಮಾಯವಾಗುವುದರಿಂದ, ಎಸ್ಕೇಪ್ ಕೀಲಿಗೆ ಹೊರಬರುವ ದಾರಿಯನ್ನು ಕಟ್ಟುವುದನ್ನು ಮರೆಯಬಾರದು. ಸಾಲುಗಳನ್ನು ಗ್ರಿಡ್‌ನಲ್ಲಿ ಇಟ್ಟು, ಪ್ರತಿ ಸಾಲಿಗೂ ಕಂಬಕ್ಕೂ ವೆಯ್ಟ್ (ಜಾಗದ ಪಾಲು) 1 ಎಂದು ಕೊಡಬೇಕು. ಕೊಡದಿದ್ದರೆ ಅದು ಸೊನ್ನೆಯಾಗಿದ್ದು ಖಾಲಿ ಜಾಗದಲ್ಲಿ ಯಾವ ಸಾಲಿಗೂ ಪಾಲು ಸಿಗುವುದಿಲ್ಲ. ಅಕ್ಷರಕ್ಕೆ ಪ್ರತಿ ಲೇಬಲ್ಲಿನಲ್ಲೂ (ಬರಹ ತೋರಿಸುವ ತುಂಡಿನಲ್ಲೂ) ಬೇರೆ ಬೇರೆ ಗಾತ್ರ ಬರೆಯುವ ಬದಲು ಒಂದೇ ಫಾಂಟ್ ವಸ್ತುವನ್ನು ಮಾಡಿ ಎಲ್ಲ ಲೇಬಲ್ಲುಗಳಿಗೂ ಅದನ್ನೇ ಕೊಟ್ಟರೆ, ಅದರ ಗಾತ್ರವನ್ನು ಒಂದು ಕಡೆ ಬದಲಿಸಿದ ಕೂಡಲೇ ಎಲ್ಲವೂ ಬದಲಾಗುತ್ತವೆ. ಟಿಕಿಂಟರ್‌ನಲ್ಲಿ ಗಾತ್ರವನ್ನು ಧನ ಸಂಖ್ಯೆಯಾಗಿ ಕೊಟ್ಟರೆ ಅದು ಪಾಯಿಂಟ್, ಋಣ ಸಂಖ್ಯೆಯಾಗಿ ಕೊಟ್ಟರೆ ಪಿಕ್ಸೆಲ್. ಪರದೆಯ ಅಳತೆಗೆ ಹೊಂದಿಸುವಾಗ ಋಣ ಸಂಖ್ಯೆಯೇ ಅನುಕೂಲ.

ಗಾತ್ರವನ್ನು ಊಹೆಯಿಂದ ಬರೆಯಬೇಕಿಲ್ಲ, ಅಳೆಯಬಹುದು. ಮೊದಲು ಗಾತ್ರವನ್ನು 100 ಪಿಕ್ಸೆಲ್ ಎಂದಿಟ್ಟು, ಫಲಕದಲ್ಲಿ ಅತಿ ಉದ್ದವಾದ ‘ಅರೇಬಿಕಾ ಪಾರ್ಚ್‌ಮೆಂಟ್’ ಎಂಬ ಪದ ಎಷ್ಟು ಅಗಲ ಬರುತ್ತದೆಂದು ಫಾಂಟಿನ ಮೆಷರ್ ಎಂಬ ಆಜ್ಞೆಯಿಂದ ಕೇಳಬೇಕು. ಅದು ಉದಾಹರಣೆಗೆ 1250 ಎಂದು ಬಂದು, ಹೆಸರಿನ ಕಂಬಕ್ಕೆ ಸಿಗುವ ಜಾಗ 1100 ಆಗಿದ್ದರೆ, 100ನ್ನು 1100ರಿಂದ ಗುಣಿಸಿ 1250ರಿಂದ ಭಾಗಿಸಿದಾಗ 88 ಎಂಬ ಗಾತ್ರ ಸಿಗುತ್ತದೆ. ಎತ್ತರಕ್ಕೂ ಇದೇ ಲೆಕ್ಕವನ್ನು ಬೇರೆಯಾಗಿ ಮಾಡಬೇಕು: ಫಾಂಟಿನ ಮೆಟ್ರಿಕ್ಸ್‌ನಲ್ಲಿ ಲೈನ್‌ಸ್ಪೇಸ್ ಎಂಬುದನ್ನು, ಅಂದರೆ ಆ ಅಕ್ಷರದ ಒಂದು ಸಾಲಿಗೆ ಬೇಕಾದ ಎತ್ತರವನ್ನು, ಕೇಳಿ, ಒಂದು ಸಾಲಿಗೆ ಸಿಕ್ಕ ಎತ್ತರಕ್ಕೆ ಹೊಂದಿಸಬೇಕು. ಎರಡು ಉತ್ತರಗಳಲ್ಲಿ ಚಿಕ್ಕದನ್ನೇ ಆರಿಸಬೇಕು. ದೊಡ್ಡದನ್ನು ಆರಿಸಿದರೆ ಒಂದು ದಿಕ್ಕಿನಲ್ಲಿ ತುಂಬಿ ಇನ್ನೊಂದು ದಿಕ್ಕಿನಲ್ಲಿ ಹೊರಚೆಲ್ಲುತ್ತದೆ.

ಒತ್ತಕ್ಷರಗಳು ಮುಚ್ಚಿಹೋಗುವುದೂ ಎತ್ತರದ ಲೆಕ್ಕವನ್ನು ಬಿಟ್ಟದ್ದರಿಂದಲೇ. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲುವುದಿಲ್ಲ; ‘ರೋಬಸ್ಟಾ’ದ ಟ ಒತ್ತು, ‘ಚೆರ್ರಿ’ಯ ರ ಒತ್ತು ಗೆರೆಯಿಂದ ಸಾಕಷ್ಟು ಕೆಳಗಿಳಿಯುತ್ತವೆ, ಮೇಲೆ ಗುಡಿಸು, ಏತ್ವಗಳು ಏರುತ್ತವೆ. ಲೇಬಲ್ಲಿನ ಎತ್ತರವನ್ನು ಅಂಕೆಯಾಗಿ ಬರೆದಿದ್ದರೆ ಅದನ್ನು ಅಳಿಸಿಹಾಕಿ, ಲೈನ್‌ಸ್ಪೇಸಿಗೆ ಮೇಲೂ ಕೆಳಗೂ ಹತ್ತರಲ್ಲೊಂದು ಪಾಲಿನಷ್ಟು ಜಾಗ ಸೇರಿಸಿ ಬಿಟ್ಟರೆ ಒತ್ತುಗಳು ಪೂರ್ತಿಯಾಗಿ ಕಾಣುತ್ತವೆ. ದರದ ಅಂಕೆಗಳಿಗೆ ಒತ್ತುಗಳಿಲ್ಲವಾದ್ದರಿಂದ ಅವಕ್ಕೆ ಬೇರೊಂದು ಫಾಂಟ್ ವಸ್ತುವನ್ನು ಮಾಡಿ, ಹೆಸರಿಗಿಂತ ತುಸು ದೊಡ್ಡದಾಗಿಯೇ ಇಡಬಹುದು. ಬಂದವರು ಮೊದಲು ನೋಡುವುದು ಅದನ್ನೇ.

ಗಾತ್ರ ಬದಲಾದಾಗಲೆಲ್ಲ ಈ ಲೆಕ್ಕ ನಡೆಯಬೇಕೆಂದು ಕಾನ್ಫಿಗರ್ ಎಂಬ ಘಟನೆಗೆ ಅದನ್ನು ಕಟ್ಟಿದರೆ ಒಂದು ಎಚ್ಚರಿಕೆ ಬೇಕು. ಮುಖ್ಯ ವಿಂಡೋಗೆ ಕಟ್ಟಿದ ಆ ಘಟನೆ ಒಳಗಿನ ಪ್ರತಿ ಲೇಬಲ್ಲಿನ ಬದಲಾವಣೆಗೂ ನಡೆಯುತ್ತದೆ. ಫಾಂಟ್ ಬದಲಾದರೆ ಲೇಬಲ್ ಬದಲಾಗಿ, ಲೇಬಲ್ ಬದಲಾದರೆ ಮತ್ತೆ ಲೆಕ್ಕ ನಡೆದು, ಫಲಕ ಸುಮ್ಮನೆ ಮಿನುಗುತ್ತ ಕೂರಬಹುದು. ಘಟನೆ ಬಂದದ್ದು ಮುಖ್ಯ ವಿಂಡೋದಿಂದಲೇ ಎಂದು ಮೊದಲ ಸಾಲಿನಲ್ಲಿ ಪರೀಕ್ಷಿಸಿ, ಅಲ್ಲವಾದರೆ ಹಿಂದಿರುಗುವಂತೆ ಬರೆಯಲು ಹೇಳಿ.